ಕರೆಯುತ್ತೇನೆ, ಯಾರನ್ನು?

ಗಂಡ ತೀರಿಕೊಂಡ ಮೇಲೆ ಮೊದಲ ಸಲ ಕೊರಿಯಾದ ಡೇಗು ನಗರದ ಗೃಹಿಣಿಯರ ಇಂಗ್ಲಿಷ್ ತರಗತಿಗೆ ಪಾಠ ಮಾಡಲು ಹೋದೆ. ನಮ್ಮ ಕೊರಿಯನ್ ಭಾಷೆಯಲ್ಲಿ ಯಾರನ್ನು ಎಂದು ಹೇಳದೆಯೂ ವಾಕ್ಯ ಮುಗಿಸಬಹುದು. ಇಂಗ್ಲಿಷಿನ ಕೆಲವು ಕ್ರಿಯಾಪದಗಳಿಗೆ ಅದು ಬೇಕೇ ಬೇಕು. ಅಂದಿನ ಪಾಠ ಅದೇ.

ಪ್ಯೋ ಸುನಿಮ್ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಶನಿವಾರ ಅವರ ಮಗಳ ಮದುವೆ. ಸೂತಕದವರನ್ನು ನಮ್ಮಲ್ಲಿ ಮದುವೆಗೆ ಕರೆಯುವುದಿಲ್ಲ. ಎಲ್ಲರಿಗೂ ಆಮಂತ್ರಣ ಪತ್ರಿಕೆ ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ. ಮದುಮಗಳು ನನ್ನಲ್ಲೇ ಇಂಗ್ಲಿಷ್ ಕಲಿತವಳು. ಹೋಗಬೇಕೆಂಬ ಆಸೆ ನನಗಿತ್ತು.

“ಐ ಇನ್ವೈಟ್,” ಎಂದು ಸುನಿಮ್ ನಿಲ್ಲಿಸಿದರು.

“ಅಷ್ಟಕ್ಕೇ ಮುಗಿಯಲ್ಲ. ಯಾರನ್ನ ಅಂತ ಹೇಳ್ಬೇಕು,” ಎಂದೆ.

“ಹೇಳೇ, ಬಾಯಲ್ಲಿ ಅನ್ನ ಇಟ್ಕೊಂಡಿದ್ದೀಯಾ?” ಎಂದು ಪಕ್ಕದ ದೋ ಮಾಲ್ಸುಕ್ ತಿವಿದರು.

“ಐ ಇನ್ವೈಟ್ ಮೈಸೆಲ್ಫ್.”

“ವ್ಯಾಕರಣ ಸರಿ ಇದೆ. ಆದ್ರೆ ಮಗಳ ಮದುವೆಗೆ ನೀವು ಹೇಗೂ ಹೋಗ್ತೀರಲ್ಲ.”

ಎಲ್ಲರೂ ನಕ್ಕರು. ಸುನಿಮ್ ನಗಲಿಲ್ಲ. ಎದ್ದು ಬಂದು ನನ್ನ ಮೇಜಿನ ಮೇಲೆ ಪತ್ರಿಕೆ ಇಟ್ಟರು.

“ಐ ಇನ್ವೈಟ್ ಯು. ನಮ್ಮತ್ತೆಗೆ ಗೊತ್ತಾದ್ರೆ ನನ್ನ ಜೀವ ತೆಗೀತಾರೆ. ಊಟ ಏನೂ ಚೆನ್ನಾಗಿರಲ್ಲ ಟೀಚರ್, ಆದ್ರೂ ಬನ್ನಿ.”

“ಸರಿಯಾದ ವಾಕ್ಯ,” ಎಂದೆ. ಆಮೇಲೆ, ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದೆ.