ಪ್ರತಿ ಪತ್ರಕ್ಕೂ ಒಂದು ನಕಲು

ಚಿಂತಾಮಣಿಯ ಆ ಖಾಸಗಿ ಪಾಲಿಟೆಕ್ನಿಕ್ಕಿಗೆ ಸ್ವಂತದ್ದೊಂದು ಮೇಲ್ ಸರ್ವರ್ ಮಾಡಿಕೊಟ್ಟವಳು ಅಲ್ಲೇ ಕಂಪ್ಯೂಟರ್ ಪಾಠ ಮಾಡುತ್ತಿದ್ದ ತನುಜ. 2005ರಲ್ಲಿ, ಲ್ಯಾಬಿನವರು ಮೂಲೆಗೆ ತಳ್ಳಿದ್ದ ಹಳೇ ಕಂಪ್ಯೂಟರಿಗೆ, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸಿಡಿ ಹಾಕಿ, ಹದಿನೈದು ದಿನ ಅದರ ಜೊತೆ ಗುದ್ದಾಡಿದ್ದಳು. ವೆಬ್‌ಮೇಲ್ ಪುಟ ತೆರೆದುಕೊಂಡ ದಿನ ಸ್ಟಾಫ್‌ರೂಮಿನಲ್ಲಿ ನಿಂತು, "ಯಾರ ಪತ್ರಾನೂ ಇನ್ನೊಬ್ರು ಓದಲ್ಲ. ನಾನೂ ಓದಲ್ಲ. ನನ್ನ ನಂಬಿ," ಅಂದಿದ್ದಳು. ಎಲ್ಲರೂ ನಂಬಿದರು ಪಾಪ.

ಕೆಲ ವರ್ಷಗಳ ಮೇಲೆ, ಇಂಗ್ಲಿಷ್ ಪಾಠ ಮಾಡುವ ರೂಪ, ತನುಜಳ ಜೀವದ ಗೆಳತಿ, ಗೌರಿಬಿದನೂರಿನ ಕಾಲೇಜೊಂದರಲ್ಲಿ ಕೆಲಸ ಕೇಳುತ್ತಾ ‘ಇಲ್ಲಿ ಉಸಿರು ಕಟ್ಟುತ್ತದೆ’ ಎಂದು ಇದೇ ಸರ್ವರಿನಿಂದ ಮೇಲ್ ಬರೆದಳು. ಸೋಮವಾರ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಅವಳನ್ನು ಕರೆಸಿದರು. "ಉಸಿರು ಕಟ್ಟುತ್ತೇನಮ್ಮಾ? ನಾಳೆಯಿಂದ ಬರಬೇಡ. ಮನೇಲಿ ಕೂತು ಆರಾಮಾಗಿ ಉಸಿರಾಡು."

ರೂಪ ನೇರ ಸರ್ವರ್ ಕೋಣೆಗೆ ನುಗ್ಗಿದಳು. "ಇದರ ಬೀಗದ ಕೈ ನಿನ್ನ ಹತ್ರ ತಾನೇ ಇರೋದು? ಒಡಹುಟ್ಟಿದೋಳು ಅಂದ್ಕೊಂಡಿದ್ನಲ್ಲೇ ನಿನ್ನ!"

"ನಮ್ಮಮ್ಮನಾಣೆ ನಾನಲ್ಲ ಕಣೇ."

"ಆ ಯಮ್ಮನ್ನ ಯಾಕೆ ಇದಕ್ಕೆ ಎಳೀತೀಯ?" ಎಂದು ಹೊರಟವಳು ತಿರುಗಿಯೂ ನೋಡಲಿಲ್ಲ.

ತನುಜಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಕೆಲಸಕ್ಕೆ ಬಂದದ್ದು ಸಿಟ್ಟೇ. ಸೆಟ್ಟಿಂಗುಗಳ ಕಡತ ತೆರೆದು ಒಂದೊಂದೇ ಸಾಲು ಓದಿದಳು. ಎಲ್ಲವೂ ಅವಳೇ ಬರೆದದ್ದು, ಕೊನೆಯದೊಂದನ್ನು ಬಿಟ್ಟು. ಬರುವ, ಹೋಗುವ ಪ್ರತಿ ಪತ್ರದ ಒಂದು ನಕಲನ್ನು ‘ಬ್ಯಾಕಪ್’ ಎಂಬ ಖಾತೆಗೆ ಹಾಕು ಅನ್ನುತ್ತಿತ್ತು ಆ ಸಾಲು. ಕಡತ ತಿದ್ದಿದ ತಾರೀಖು ಜೂನ್ ಒಂಬತ್ತು. ಅವತ್ತು ಅವಳು ಅಮ್ಮನ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ್ದಳು. ಪಾಸ್‌ವರ್ಡನ್ನು ಒಬ್ಬನಿಗೆ, ಒಬ್ಬನೇ ಒಬ್ಬನಿಗೆ ಕೊಟ್ಟು ಹೋಗಿದ್ದಳು.

ಅಂಬರೀಶ! ಅವಳ ಊರು ದಿಬ್ಬೂರಹಳ್ಳಿಯವನೇ. ಮೌಸ್ ಮುಟ್ಟಲು ಹೆದರುತ್ತಿದ್ದವನಿಗೆ ಲಿನಕ್ಸ್ ಕಲಿಸಿ, ಇದೇ ಲ್ಯಾಬಿನಲ್ಲಿ ಕೆಲಸ ಕೊಡಿಸಿದ್ದಳು. ಭಾನುವಾರ ತನುಜಳ ಮನೆಗೆ ಬಂದನೆಂದರೆ ಅಮ್ಮ ಕೊಂಡಮ್ಮ ಮೊದಲ ಮುದ್ದೆ ಇಕ್ಕುತ್ತಿದ್ದದ್ದು ಅವನ ತಟ್ಟೆಗೆ.

ಅವನನ್ನು ಕರೆದು ಪರದೆ ತೋರಿಸಿದಳು. "ಏನಪ್ಪಾ ಇದು?"

ಸುಳ್ಳನ್ನಾದರೂ ಹೇಳಬಾರದಿತ್ತೇ! "ಸೆಕ್ರೆಟರಿ ಸಾರ್ ಹೇಳಿದ್ರು ಅಕ್ಕ. ಪರ್ಮನೆಂಟ್ ಮಾಡ್ತೀನಿ ಅಂದ್ರು. ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ."

"ನನ್ನವೂ ಓದಿದ್ರೇನೋ?"

"ಎಲ್ಲರದ್ದೂ ಹೋಗುತ್ತಲ್ಲ ಅಕ್ಕ."

"ಅಕ್ಕ ಅನ್ನಬೇಡ! ಉಂಡ ಮನೆಗೇ ಎರಡು ಬಗೆದ್ಯಲ್ಲೋ!"

"ಈಗಲೇ ಆ ಸಾಲು ಅಳಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಮುಟ್ಟಿದ್ರೆ ಕೈ ಮುರೀತೀನಿ," ಎಂದು ಅವನನ್ನು ಹೊರಗೆ ಅಟ್ಟಿ ತನುಜ ಬರೆಯಲು ಕೂತಳು. ‘ಜೂನ್ ಒಂಬತ್ತರಿಂದ ನಿಮ್ಮ ಪ್ರತಿ ಪತ್ರವನ್ನೂ ಕಾರ್ಯದರ್ಶಿಗಳು ಓದುತ್ತಿದ್ದಾರೆ. ಅದಕ್ಕೆ ದಾರಿ ಮಾಡಿಕೊಟ್ಟವನು ಅಂಬರೀಶ. ಅವನಿಗೆ ಪಾಸ್‌ವರ್ಡ್ ಕೊಟ್ಟವಳು ನಾನು.’ ಕೆಲಸ ಹೋದರೆ ಹೋಗಲಿ, ಇದರ ನಕಲನ್ನೂ ಆ ಮಹಾನುಭಾವರು ಓದಿಕೊಳ್ಳಲಿ ಎಂದು ಬ್ಯಾಕಪ್ಪಿನ ಆ ಸಾಲನ್ನು ಹಾಗೆಯೇ ಬಿಟ್ಟು, ಕಾಲೇಜಿನ ಎಲ್ಲರಿಗೂ ಕಳಿಸಿದಳು.

ತಕ್ಷಣ ಅದರಲ್ಲೊಂದು ತಲುಪದೆ ವಾಪಸ್ ಬಂತು. ರೂಪ ಹೆಸರಿನ ಖಾತೆ ಇಲ್ಲವಂತೆ. ಅದನ್ನೂ ಆಗಲೇ ಅಳಿಸಿದ್ದರು.

ಪತ್ರವನ್ನು ಪ್ರಿಂಟ್ ತೆಗೆದು ರೂಪಳ ಮನೆಗೆ ಓಡಿದಳು. ರೂಪ ಹೊಸ್ತಿಲಲ್ಲೇ ನಿಂತು ಕೊನೆಯವರೆಗೂ ಓದಿದಳು.

"ಅವನಿಗೆ ಯಾಕೆ ಕೊಟ್ಟೆ?"

"ನಂಬಿದ್ದೆ ಕಣೇ."

"ನಾನೂ ನಿನ್ನ ಹಂಗೇ ನಂಬಿದ್ದೆ," ಎಂದು ರೂಪ ಕಾಗದವನ್ನು ಅವಳ ಕೈಗಿಟ್ಟು ಬಾಗಿಲು ಹಾಕಿಕೊಂಡಳು.