ಅತ್ತೆ ಬಿಡಿಸಿದ ಗಂಟುಗಳು

ಆ ದಿನ ಬೆಳಿಗ್ಗೆ ಮಂಜು, ಹೋಗೆನ್ನಲು ಬಾಯಿ ಬಾರದ ನೆಂಟನ ಹಾಗೆ, ಬೀದಿಯಲ್ಲಿ ಬಂದು ಕೂತುಬಿಟ್ಟಿತ್ತು. ಎದುರುಮನೆಯ ಗೇಟು ಕಾಣುತ್ತಿರಲಿಲ್ಲ. ಯಾರೋ ಅದನ್ನು ತೆಗೆದ ಕಿರುಗುಟ್ಟುವ ಸದ್ದು ಮಾತ್ರ ಕೇಳಿತು. ಹೊತ್ತು ಎಂಟಾದರೂ ನೆಂಟ ಏಳುವ ಸೂಚನೆ ಇರಲಿಲ್ಲ.

ಮೋಟಾರ್ ಸೈಕಲ್ಲು ಮನೆಯ ಮುಂದಿನ ಕೋಣೆಯಲ್ಲೇ ನಿಂತಿತ್ತು, ಅಡಿಗೆ ಹಳೆಯ ಕಂಬಳಿ ಹಾಸಿಕೊಂಡು. ಟ್ಯಾಂಕು ಮಂಚದ ಕೆಳಗೆ ಹೋಗಿತ್ತು. ಸೀಟು ಗೋಡೆಗೆ ಒರಗಿತ್ತು. ಹೆಡ್‌ಲೈಟು ಇರಬೇಕಾದ ಕಡೆ ದೊಡ್ಡದೊಂದು ತೂತು. ಅದರ ಪಕ್ಕದಲ್ಲಿ, ನೆಲದ ಮೇಲೆ, ಮೈಕೈ ನೋವಿನಿಂದ ಮಲಗಿದವರ ಹಾಗೆ ವೈರಿನ ಕಟ್ಟು ಉದ್ದಕ್ಕೆ ಬಿದ್ದಿತ್ತು. ಅದರ ತುದಿಯಿಂದ ಏಳು ಎಳೆಗಳು ಹೊರಗೆ ಚಾಚಿಕೊಂಡಿದ್ದವು.

ಇದನ್ನೆಲ್ಲ ಬಿಚ್ಚಿ ಹರವಿದವನನ್ನು ಬೀದಿಯವರು ವೈರ್‌ಮನ್ ಎಂದೇ ಕರೆಯುತ್ತಿದ್ದರು. ಬಸ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಬಸ್ಸುಗಳ ವೈರಿಂಗ್ ಮಾಡಿದವನು. ಆರು ತಿಂಗಳಿಂದ ಮನೆಯಲ್ಲಿದ್ದ. "ಜನ ಜಾಸ್ತಿ ಆದ್ರು ಅಂತ ಕಡಿಮೆ ಮಾಡಿದ್ರು" ಎಂದು ಮನೆಯಲ್ಲಿ ಹೇಳಿದ್ದ. ಆ ಮೇಲೆ ಅವನು ಕೈಗೆತ್ತಿಕೊಂಡ ಮೊದಲ ಕೆಲಸ ಇದು.

ಎತ್ತಿಕೊಳ್ಳದೆ ವಿಧಿಯಿರಲಿಲ್ಲ. ಅವನ ಹೆಂಡತಿ ಕಾಲುವೆಯಾಚೆಯ ಆಸ್ಪತ್ರೆಯಲ್ಲಿ ನರ್ಸು. ಗಾಡಿ ಓಡಿಸುವವಳು ಅವಳೇ. ಐದು ದಿನದ ಹಿಂದೆ, ಇಂಥದೇ ಮಂಜಿನಲ್ಲಿ, ಮುದುಕರ ಕಣ್ಣಿನಂತೆ ಮಿಣುಕುವ ಹಳೇ ಹೆಡ್‌ಲೈಟನ್ನು ನಂಬಿಕೊಂಡು ಹೊರಟು, ಸೇತುವೆಯ ಕಟ್ಟೆಗೆ ಗಾಡಿ ತಾಗಿಸಿ, ಮಂಡಿ ಒಡೆದುಕೊಂಡು ಬಂದಿದ್ದಳು. "ಇನ್ನೊಂದು ಗೇಣು ಆ ಕಡೆ ಹೋಗಿದ್ರೆ ನೀರಲ್ಲಿರ್ತಿದ್ದೆ" ಎಂದು ನಗುತ್ತಲೇ ಹೇಳಿ, ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಬಂದಿರಲಿಲ್ಲ. ನಾಳೆಯಿಂದ ಅವಳಿಗೆ ಬೆಳಗಿನ ಐದು ಗಂಟೆಯ ಡ್ಯೂಟಿ. ಆ ಹೊತ್ತಿಗೆ ಬಸ್ಸಿಲ್ಲ. ಇವತ್ತು ಸಂಜೆಯೊಳಗೆ ಹೊಸ ಹೆಡ್‌ಲೈಟು, ಅದರ ಕೆಳಗೆ ಎರಡು ಮಂಜಿನ ದೀಪ, ಎಲ್ಲ ಹತ್ತಲೇಬೇಕು.

ವೈರ್‌ಮನ್ ಎರಡು ದಿನ ಮಂಡಿಯೂರಿ ಕೂತು, ಟೆಸ್ಟ್ ಲ್ಯಾಂಪ್ ಹಿಡಿದು, ಯಾವ ಎಳೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಒಂದೊಂದನ್ನೇ ಪತ್ತೆ ಮಾಡಿದ್ದ. ಪತ್ತೆಯಾದದ್ದಕ್ಕೆ ಬಿಳಿ ನೂಲು ಸುತ್ತಿ ಗಂಟು ಹಾಕಿದ್ದ. ಬ್ಯಾಟರಿಯಿಂದ ಬರುವುದಕ್ಕೆ ಒಂದು ಗಂಟು. ಹೆಡ್‌ಲೈಟಿನ ತಗ್ಗು ಬೆಳಕಿಗೆ ಎರಡು, ದೂರದ ಬೆಳಕಿಗೆ ಮೂರು, ಮಂಜಿನ ದೀಪಕ್ಕೆ ನಾಲ್ಕು, ಹಾರ್ನಿಗೆ ಐದು, ಬ್ರೇಕಿನ ದೀಪಕ್ಕೆ ಆರು. ಅರ್ತಿಗೆ, ಅಂದರೆ ಕರೆಂಟು ವಾಪಸು ಹೋಗುವ ಎಳೆಗೆ, ಬರೀ ನೂಲು, ಗಂಟಿಲ್ಲ.

ಬೇರೆ ವೈರ್‌ಮನ್‌ಗಳು ಬಣ್ಣ ನೋಡುತ್ತಾರೆ. ಇವನಿಗೆ ಕೆಂಪು, ಹಸಿರು ಎರಡೂ ಒಣ ಎಲೆಯ ಬಣ್ಣವೇ. ಹುಟ್ಟಿದಾಗಿನಿಂದ ಹಾಗೆ. ಹಳೇ ಬಸ್ಸುಗಳ ವೈರೆಲ್ಲ ಎಣ್ಣೆಮಸಿ ಕುಡಿದು ಒಂದೇ ಬಣ್ಣವಾಗಿರುತ್ತಿತ್ತು. ಎಲ್ಲರೂ ಕುರುಡರಾಗಿದ್ದ ಕಡೆ ಇವನ ಗಂಟೇ ಕಣ್ಣಾಗಿತ್ತು. ಬಣ್ಣಬಣ್ಣದ ವೈರಿನ ಹೊಸ ಬಸ್ಸುಗಳು ಬಂದವು. ಡಾಕ್ಟರೊಬ್ಬರು ಬಂದು ಚುಕ್ಕೆ ಚುಕ್ಕೆಯ ಪುಸ್ತಕ ತೆರೆದು, "ಇದರಲ್ಲಿ ಎಷ್ಟು ಅಂತ ಬರೆದಿದೆ?" ಎಂದು ಕೇಳಿದರು. ಇವನಿಗೆ ಚುಕ್ಕೆ ಮಾತ್ರ ಕಂಡವು. ಡಾಕ್ಟರು ಮೆಲ್ಲಗೆ ಪುಸ್ತಕ ಮುಚ್ಚಿದ ಸದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಡದೆ ಕಳಿಸಿರುತ್ತಾನೆ, ಅದಕ್ಕೆ ನಾಚಬೇಕಾದದ್ದಿಲ್ಲ. ಆದರೂ ಅವನು ಅದನ್ನು ಹೆಂಡತಿಯಿಂದ ಬಚ್ಚಿಟ್ಟಿದ್ದ. ಮದುವೆಯಾದ ಮೊದಲ ವರ್ಷ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ಪ್ರತಿ ವರ್ಷವೂ, ಹೋದ ವರ್ಷ ಹೇಳಬಹುದಿತ್ತು ಅನ್ನಿಸುತ್ತ ಬಂತು.

ಒಂದು ರಿಲೇ, ಒಂದು ಫ್ಯೂಸು, ಸುಟ್ಟರೆ ಇರಲೆಂದು ಇನ್ನೊಂದು ಫ್ಯೂಸು ಬೇಕಾಗಿತ್ತು. ಅವನು ಮಂಜಿನಲ್ಲಿ ಗೋಡೆ ಸವರಿಕೊಂಡು ಬೀದಿ ತುದಿಯ ಅಂಗಡಿಗೆ ಹೋದ. ಅಂಗಡಿಯವನಿಗೆ ಎಲ್ಲರೂ ಬಲ್ಬಣ್ಣ ಅನ್ನುತ್ತಿದ್ದರು.

"ಏನಪ್ಪಾ ವೈರ್‌ಮನ್ನು, ಗಾಡಿಗೆ ಮದುವೆಯಂತೆ? ದೀಪಗೀಪ ಜೋರಂತೆ!"

"ಮದುವೆಯಲ್ಲ ಬಲ್ಬಣ್ಣ, ಕಣ್ಣಿನ ಆಪರೇಷನ್ನು."

"ವೈರು? ಕೆಂಪಿದೆ, ಹಸಿರಿದೆ, ಯಾವುದು ಕೊಡ್ಲಿ?"

"ವೈರಿದೆ. ಇಲ್ದಿದ್ರೂ ಯಾವುದಾದ್ರೂ ಕೊಡು ಅಂತಿದ್ದೆ. ಕರೆಂಟೇನು ಬಣ್ಣ ನೋಡ್ಕೊಂಡು ಓಡುತ್ತಾ?"

ಬಲ್ಬಣ್ಣ ಹೊಟ್ಟೆ ಕುಲುಕಿಸಿಕೊಂಡು ನಕ್ಕ. "ಸರಿ, ಇನ್ನೇನಾದ್ರೂ ಬೇಕಿದ್ರೆ ಈಗಲೇ ತಗೋ. ಈ ಮಂಜಲ್ಲಿ ಯಾವ ಪುಣ್ಯಾತ್ಮ ಬರ್ತಾನೆ? ನಾನಂತೂ ಬಾಗಿಲು ಎಳ್ಕೊಂಡು ಮನೇಗೆ ಹೋಗಿ ಮಲಗ್ತೀನಿ."

ವೈರ್‌ಮನ್ ಹಿಂದಿರುಗಿದಾಗ ಅತ್ತೆ ಮುಂದಿನ ಕೋಣೆಯಲ್ಲಿದ್ದರು. ಹೆಂಡತಿಯ ತಾಯಿ, ಇವರ ಜೊತೆಗೇ ಇದ್ದವರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಹೊತ್ತು ಹೋಗಲೆಂದು ಕೈಗೆ ಸಿಕ್ಕಿದ್ದನ್ನು ಸವರುತ್ತಾ, ಬಾಯಲ್ಲಿ ದೇವರ ನಾಮ ಹೇಳಿಕೊಳ್ಳುತ್ತಾ ಕೂರುವುದು ಅವರ ಪದ್ಧತಿ. ಈಗ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ವೈರಿನ ಕಟ್ಟಿನ ತುದಿ. ಪಕ್ಕದಲ್ಲಿ ಬಿಳಿ ನೂಲಿನ ಪುಟ್ಟ ಉಂಡೆ.

"ಬಂದ್ರಾ ಅಳಿಯಂದ್ರೇ? ನೋಡಿ, ನಿಮ್ಮ ವೈರಿಗೆ ಯಾರೋ ಮೈತುಂಬಾ ಗಂಟು ಹಾಕಿಬಿಟ್ಟಿದ್ರು. ಒಂದೂ ಬಿಡದೆ ಬಿಡಿಸಿದೀನಿ. ಎಳೆಗಳನ್ನ ಬಾಚಿ, ಸಾಲು ತಪ್ಪದ ಹಾಗೆ ನಡುವೆ ಅಡ್ಡನೂಲು ಹೆಣೆದಿದೀನಿ, ಇನ್ನು ಸಿಕ್ಕಾಗಲ್ಲ."

ವೈರ್‌ಮನ್ ಬಗ್ಗಿ ನೋಡಿದ. ಏಳು ಎಳೆಗಳೂ ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ, ನುಣ್ಣಗೆ, ಒಂದರಂತೆ ಒಂದು ಮಲಗಿದ್ದವು.

"ಯಾರೋ ಅಲ್ಲ ಅತ್ತೆ..." ಎಂದು ಶುರುಮಾಡಿದ. ಮುಂದಿನ ಮಾತಿಗೆ ಹೋದರೆ ಗಂಟು ಯಾಕೆ ಅನ್ನುವುದಕ್ಕೆ ಹೋಗಬೇಕು. "ಒಳ್ಳೇದಾಯ್ತು ಬಿಡಿ" ಎಂದ.

ತಪ್ಪು ಅವರದೆನ್ನಲು ಬಾಯಿ ಬರಲಿಲ್ಲ. ಅತ್ತೆ ಮೂವತ್ತು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವರು. ಅವರಿಗಿದ್ದದ್ದು ಒಂದೇ ಕೆಲಸ: ನೂಲಿನ ಉಂಡೆಗಳನ್ನು ಬೆರಳಲ್ಲಿ ಹಾಯಿಸುತ್ತಾ ಗಂಟು ಸಿಕ್ಕ ಕಡೆ ಬಿಡಿಸುವುದು. ಗಂಟೊಂದು ಮಿಷನ್ನಿಗೆ ಹೋದರೆ ಸೂಜಿ ಮುರಿಯುತ್ತಿತ್ತು. ಹಸಿದವನು ಅನ್ನ ಕಂಡ ಹಾಗೆ ಅವರ ಬೆರಳು ಗಂಟು ಕಂಡರೆ ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿ ಯಾರ ಶೂ ಲೇಸೂ ಕಟ್ಟಿದಂತೆ ಉಳಿದದ್ದಿಲ್ಲ.

ಮಧ್ಯಾಹ್ನ ಹೆಂಡತಿ ಬಸ್ಸಿಳಿದು ಕುಂಟುತ್ತಾ ಬಂದಳು. ಬಾಗಿಲಲ್ಲೇ ನಿಂತು ಗಾಡಿ ನೋಡಿದಳು.

"ಬೆಳಿಗ್ಗೆ ಹೇಗಿತ್ತೋ ಹಾಗೇ ಇದೆಯಲ್ರೀ."

"ಆಗುತ್ತೆ."

"ನಾಳೆ ಐದಕ್ಕೆ ನಾನಿಲ್ಲದಿದ್ರೆ ರಾತ್ರಿಯವಳು ಮನೆಗೆ ಹೋಗೋ ಹಾಗಿಲ್ಲ. ಅವಳಿಗೆ ಎಳೆ ಮಗು." ಹೊಸ ದೀಪದ ಡಬ್ಬಿಯಲ್ಲಿದ್ದ ಹಾಳೆ ತೆಗೆದು ಬಿಡಿಸಿದಳು. "ಇಲ್ಲೇ ಬರೆದಿದಾರೆ ನೋಡಿ. ಕೆಂಪು ಇದಕ್ಕೆ, ಹಸಿರು ಅದಕ್ಕೆ. ನನಗೇ ಅರ್ಥ ಆಗುತ್ತೆ. ನಾನು ಬಣ್ಣ ಹೇಳ್ತೀನಿ, ನೀವು ಜೋಡಿಸ್ತಾ ಹೋಗಿ. ಅರ್ಧ ಗಂಟೆ ಕೆಲಸ."

ಅರ್ಧ ಗಂಟೆಯ ಕೆಲಸವೇ. ಇಪ್ಪತ್ತೆರಡು ವರ್ಷದ ವೈರ್‌ಮನ್ ಎಂಬ ಹೆಸರು ಅರ್ಧ ಗಂಟೆಯಲ್ಲಿ ಮುಗಿದುಹೋಗುವ ಕೆಲಸ.

"ಬೇಡ. ಹಳೇ ಗಾಡಿಗೆ ಹೊಸ ಹಾಳೆ ಹೊಂದಲ್ಲ. ನೀನು ಹೋಗಿ ಮಲಗು."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಹಾಳೆಯನ್ನು ಮಡಿಚಿ ಟೂಲ್ ಡಬ್ಬಿಯ ಮೇಲಿಟ್ಟು ಒಳಗೆ ಹೋದಳು. ಮಂಚದ ಮೇಲೆ ಬಿದ್ದ ಸದ್ದು, ಮರುಕ್ಷಣವೇ ನಿದ್ದೆಯ ಉಸಿರು. ದಣಿವು ಕೆಲವರನ್ನು ಹಾಗೆ ಎತ್ತಿಕೊಂಡು ಹೋಗುತ್ತದೆ. ವೈರ್‌ಮನ್ನನನ್ನು ಮಾತ್ರ ಎತ್ತಿಕೊಳ್ಳದೆ ಹೆಗಲ ಮೇಲೆ ಕೂತಿತ್ತು.

ಮತ್ತೆ ಮೊದಲಿನಿಂದ ಹುಡುಕಲು ಎರಡು ದಿನ ಬೇಕು. ಅವನು ಎಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಎಲ್ಲ ಒಣ ಎಲೆಗಳು. ಮೂರನೆಯದು ಉಳಿದವಕ್ಕಿಂತ ಕೊಂಚ ದಪ್ಪ ಅನ್ನಿಸಿತು. ಬ್ಯಾಟರಿಯದು ದಪ್ಪವಿರಬೇಕಲ್ಲ, ಅದೇ ಇರಬೇಕು ಎಂದು ಅಡ್ಡನೂಲಿನಿಂದ ಅದೊಂದನ್ನು ಬಿಡಿಸಿ ಜೋಡಿಸಿದ. ಸ್ವಿಚ್ ಒತ್ತಿದ.

ಚಟ್ ಎಂದಿತು. ಫ್ಯೂಸು ಸುಟ್ಟ ವಾಸನೆ ಕೋಣೆಯಲ್ಲಿ ಹಬ್ಬಿತು. ಇನ್ನು ಉಳಿದದ್ದು ಒಂದು ಫ್ಯೂಸು. ಬಲ್ಬಣ್ಣ ಇಷ್ಟು ಹೊತ್ತಿಗೆ ಹೊದ್ದು ಮಲಗಿರುತ್ತಾನೆ.

ಅವನು ನೆಲದ ಮೇಲೆ ಹಾಗೇ ಕೂತ. ಎಷ್ಟು ಹೊತ್ತೋ. ಅತ್ತೆ ಗೋಡೆ ಹಿಡಿದುಕೊಂಡು ಬಂದು, ಅವನ ಎದುರಿಗೆ ಮೆಲ್ಲಗೆ ಕುಕ್ಕರಿಸಿದರು.

"ಆ ಗಂಟು ಹಾಕಿದ್ದು ನೀವೇನಾ?"

ಅವನು ಸುಟ್ಟ ಫ್ಯೂಸನ್ನು ಕಿತ್ತು ಪಕ್ಕಕ್ಕಿಟ್ಟ.

"ನನಗೆ ಆಗಲೇ ಹೊಳೀಬೇಕಿತ್ತು. ಅಷ್ಟು ಒಪ್ಪವಾಗಿ ತಾನೇ ತಾನಾಗಿ ಬೀಳೋ ಗಂಟು ಎಲ್ಲಿರುತ್ತೆ?" ಕೈ ಚಾಚಿ ಎಳೆಗಳನ್ನು ಹುಡುಕಿದರು. "ಹೇಳ್ತೀನಿ ಕೇಳಿ. ಬಾಗಿಲ ಕಡೆಯಿಂದ ಮೊದಲನೇದರಲ್ಲಿ ನಾಲ್ಕು. ಎರಡನೇದರಲ್ಲಿ ಒಂದು. ಮೂರನೇದರಲ್ಲಿ ಗಂಟೇ ಇರಲಿಲ್ಲ, ಬರೀ ನೂಲು ಸುತ್ತಿತ್ತು. ಪಾಪ, ಹಾಕೋಕೆ ಮರೆತಿದಾರೆ ಅಂದ್ಕೊಂಡೆ. ನಾಲ್ಕನೇದು ಆರು. ಆಮೇಲೆ ಎರಡು, ಐದು, ಕೊನೇದು ಮೂರು. ಎಲ್ಲಾ ಸೇರಿ ಇಪ್ಪತ್ತೊಂದು."

ವೈರ್‌ಮನ್ ತಲೆಯೆತ್ತಿದ. ಮೂರನೆಯದು ಅರ್ತು. ಅದಕ್ಕೇ ಫ್ಯೂಸು ಹೋದದ್ದು.

"ಇದೆಲ್ಲ ಹೇಗೆ ನೆನಪಿದೆ ಅತ್ತೆ?"

"ಸಂಜೆ ಗಂಟೆ ಹೊಡೆದ ಮೇಲೆ, ಯಾವ ಉಂಡೇಲಿ ಎಷ್ಟು ಗಂಟು ಅಂತ ಮೇಸ್ತ್ರಿಗೆ ಒಪ್ಪಿಸದೆ ಮನೆಗೆ ಬಿಡ್ತಿರಲಿಲ್ಲ. ಮೂವತ್ತು ವರ್ಷ ಒಪ್ಪಿಸಿದೀನಿ. ನಿನ್ನೆ ಊಟಕ್ಕೆ ಏನಿತ್ತು ಕೇಳಿ, ಗೊತ್ತಿಲ್ಲ." ನೂಲಿನ ಉಂಡೆ ಕೈಗೆ ತೆಗೆದುಕೊಂಡರು. "ಬಿಡಿಸಿದೋಳು ನಾನು, ನಾನೇ ಹಾಕ್ತೀನಿ. ಜೀವಮಾನದಲ್ಲಿ ಒಂದು ಗಂಟು ಹಾಕಿದೋಳಲ್ಲ. ಕಾರ್ಖಾನೆಯವರು ನೋಡಿದ್ರೆ ಹೊರಗೆ ದಬ್ತಾರೆ!"

ಅವರು ಒಂದೊಂದು ಎಳೆಗೂ ನೂಲು ಸುತ್ತಿ ಗಂಟು ಹಾಕುತ್ತಾ ಹೋದರು. ಅವನು ಹಿಂದೆಯೇ ಬೆರಳಿಟ್ಟು ಎಣಿಸುತ್ತಾ ಹೋದ. ನಡುವೆ, ತಲೆಯೆತ್ತದೆ, ಅತ್ತೆ ಹೇಳಿದರು:

"ಹತ್ತು ವರ್ಷದ ಕೆಳಗೆ ನಿಮಗೆ ಹಸಿರು ಉಣ್ಣೆ ತನ್ನಿ ಅಂದಿದ್ದೆ. ನನಗೊಂದು ಶಾಲು ಹೆಣ್ಕೊಳ್ಳೋ ಆಸೆ ಇತ್ತು. ನೀವು ಕೆಂಪು ತಂದ್ರಿ."

"ಅದು ಅಂಗಡಿಯವನು..."

"ಅಂಗಡಿಯವನ ತಪ್ಪು ಅಂದ್ರಿ. ಆಗಲಿ ಅಂದೆ. ಅಂಗಡಿಯವನ ಮೇಲೆ ಅಷ್ಟು ಬೇಗ ತಪ್ಪು ಹೊರಿಸೋ ಮನುಷ್ಯ ನೀವಲ್ಲ, ಅದೂ ಗೊತ್ತಿತ್ತು." ಇನ್ನೊಂದು ಗಂಟು ಬಿಗಿದರು. "ಮತ್ತೆ ಕೇಳಲಿಲ್ಲ. ಕೇಳಿದ್ರೆ ನಿಮಗೆ ಕಷ್ಟ."

ಸಂಜೆ ಉಳಿದಿದ್ದ ಒಂದೇ ಫ್ಯೂಸು ಹಾಕಿ ಅವನು ಸ್ವಿಚ್ ಒತ್ತಿದ. ಮುಂದಿನ ಕೋಣೆಯ ಗೋಡೆ, ಗೋಡೆಯ ಬಿರುಕು, ಬಿರುಕಿನ ಇರುವೆ, ಎಲ್ಲ ಬೆಳ್ಳಗೆ ಎದ್ದು ನಿಂತವು. ಅತ್ತೆಯ ಪೊರೆಗಣ್ಣು ಮಿಟುಕಿದವು.

"ಹತ್ತಿತು, ಅಲ್ವಾ?"

"ಹತ್ತಿತು ಅತ್ತೆ."

"ನನಗೂ ಸ್ವಲ್ಪ ಬೆಳಕು ಬಂತು" ಎಂದು ಅವರು ಆ ಕಡೆಗೆ ಕೈ ಮುಗಿದರು.

ಮರುದಿನ ಬೆಳಿಗ್ಗೆ ಮಂಜು ಅಲ್ಲೇ ಇತ್ತು. ಹೆಂಡತಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಗಾಡಿ ಹತ್ತಿದಳು. ವೈರ್‌ಮನ್ ಮಂಜಿನ ದೀಪ ಒಂದನ್ನು ಚೂರು ಬಗ್ಗಿಸಿದ. ಸರಿಯಾಗಿಯೇ ಇತ್ತು, ಮತ್ತೆ ಮೇಲಕ್ಕೆತ್ತಿದ.

"ಬರುವಾಗ ಹಸಿರು ಉಣ್ಣೆ ತರ್ತೀಯಾ? ಒಂದು ಶಾಲಿಗೆ ಆಗೋಷ್ಟು. ನೀನೇ ನೋಡಿ ತಾ." ದೀಪದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. "ನನಗೆ ಕೆಂಪು ಹಸಿರು ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ."

ಅವಳು ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿದಳು.

"ಬಸ್ ಶೆಡ್ಡು?" ಎಂದಳು.

"ಅದಕ್ಕೇ."

"ಅಂದ್ರೆ ಇಷ್ಟು ವರ್ಷ ನಾನು ಯಾವ ಬಟ್ಟೆ ಉಟ್ಟು ಬಂದು ಬಣ್ಣ ಹೇಗಿದೆ ಅಂದ್ರೂ, ಚೆನ್ನಾಗಿದೆ ಅಂತಿದ್ರಲ್ಲ!"

"ಚೆನ್ನಾಗೇ ಇರ್ತಿತ್ತು."

ಅವಳು ನಗಲಿಲ್ಲ, ಅಳಲಿಲ್ಲ. "ಶೆಡ್ಡಿನ ವಿಷಯ ಆರು ತಿಂಗಳು ಒಬ್ಬರೇ ಇಟ್ಕೊಂಡಿದ್ರಲ್ಲ" ಎಂದಳು, ಅಷ್ಟೇ. ಅವನ ತೋಳನ್ನು ಕೈಗವಸಿನ ಕೈಯಲ್ಲಿ ಒಮ್ಮೆ ಅದುಮಿ ಗಾಡಿ ಬಿಟ್ಟಳು. ಬೆಳಕು ಮಂಜಿನೊಳಗೆ ದಾರಿ ಮಾಡಿಕೊಂಡು ಹೋಯಿತು. ಸೇತುವೆಯ ತನಕ ಅದು ಅವನಿಗೆ ಕಾಣುತ್ತಿತ್ತು.

ಮಧ್ಯಾಹ್ನ ಅವಳು ಬಂದು, ಕಾಗದದ ಪೊಟ್ಟಣವೊಂದನ್ನು ಅವನ ಕೈಗೆ ಕೊಟ್ಟು, ಮಲಗಲು ಹೋದಳು. ಅತ್ತೆ ಕಿಟಕಿಯ ಪಕ್ಕ ಕೂತು, ಯಾರದೋ ಶೂ ಲೇಸು ಬಿಚ್ಚುತ್ತಿದ್ದರು. ವೈರ್‌ಮನ್ ಪೊಟ್ಟಣ ಬಿಡಿಸಿದ. ಒಣ ಎಲೆಯ ಬಣ್ಣದ ನಾಲ್ಕು ಉಂಡೆ. ಸದ್ದಿಲ್ಲದೆ ಅವುಗಳನ್ನು ಅತ್ತೆಯ ಮಡಿಲಲ್ಲಿಟ್ಟ. ಅವರು ಲೇಸು ಬಿಟ್ಟು, ಒಂದು ಉಂಡೆಯ ತುದಿ ಹುಡುಕಿ, ಎಳೆಯನ್ನು ಬೆರಳ ಸಂದಿಯಲ್ಲಿ ಮೆಲ್ಲಗೆ ಹಾಯಿಸತೊಡಗಿದರು.