ನೀರಪ್ಪನ ಗಟ್ಟಿ ಪ್ರೀತಿ

ಬಸ್ ನಿಲ್ದಾಣದ ಎದುರಿನ ಜ್ಯೂಸ್ ಅಂಗಡಿಯವನಿಗೆ ನೀರಪ್ಪ ಎಂದು ಹೆಸರಿಟ್ಟವರು ಅವನ ಗಿರಾಕಿಗಳೇ. ಕಿತ್ತಳೆ ಜ್ಯೂಸ್ ಕೇಳಿದರೆ ಕಿತ್ತಳೆ ಬಣ್ಣದ ನೀರು. ದ್ರಾಕ್ಷಿ ಕೇಳಿದರೆ ದ್ರಾಕ್ಷಿಯನ್ನು ದೂರದಿಂದ ನೋಡಿ ಬಂದ ನೀರು. ಸಿರಪ್ ಬಾಟಲಿಯ ಮೇಲೆ ಒಂದಕ್ಕೆ ಐದು ಪಾಲು ನೀರು ಎಂದು ಅಚ್ಚಾಗಿದ್ದರೆ, ಇವನ ಕೈ ಹನ್ನೆರಡಕ್ಕೆ ಹೋಗಿಯೇ ನಿಲ್ಲುತ್ತಿತ್ತು.

"ನೀರಪ್ಪ, ಇವತ್ತು ಜ್ಯೂಸಿಗೆ ನೀರು ಹಾಕಿದ್ಯೋ, ನೀರಿಗೆ ಜ್ಯೂಸ್ ಹಾಕಿದ್ಯೋ?" ಎಂದು ಡ್ರೈವರುಗಳು ಕಾಲೆಳೆದರೆ, "ಹೊಟ್ಟೆಗೆ ತಂಪು ಬಿಡಿ ಸಾರ್" ಎಂದು ಹಲ್ಲು ಕಿರಿಯುತ್ತಿದ್ದ.

ಅವನ ಅಕ್ಕ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸು. ತೊಟ್ಟು ತೊಟ್ಟಿಗೂ ಲೆಕ್ಕ ಇಡುವ ಹೆಂಗಸು. ತಮ್ಮನ ಅಂಗಡಿಯ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ.

ಮಂಗಳವಾರ ತಮ್ಮ ಫೋನ್ ಮಾಡಿದ. "ಅಕ್ಕ, ಪುಟ್ಟಿಗೆ ಭೇದಿ ಶುರುವಾಗಿದೆ."

"ಓಆರ್‌ಎಸ್ ಪುಡಿ ಕಲಸಿ ಕೊಡ್ತಿದ್ದೀಯಾ?"

"ಕೊಡ್ತಿದ್ದೀನಿ. ಚೆನ್ನಾಗೇ ಕೊಡ್ತಿದ್ದೀನಿ!"

ವಾರ್ಡಿನಲ್ಲಿ ಅಂದು ಒಂದು ಮಂಚಕ್ಕೆ ಇಬ್ಬಿಬ್ಬರು ಮಕ್ಕಳು. ಅಕ್ಕ ಫೋನ್ ಇಟ್ಟಳು. ಒಂದು ಪೊಟ್ಟಣ ಎಷ್ಟು ನೀರಿಗೆ ಎಂದು ಬೇರೆ ಯಾವ ತಾಯಿ ಬಂದರೂ ಕೇಳುವವಳು, ಇವನನ್ನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ. ನೀರು ಕಡಿಮೆ ಹಾಕುವ ತಪ್ಪು ಈ ಜನ್ಮದಲ್ಲಿ ಇವನಿಂದ ಆದೀತು ಎಂದು ಯಾರು ತಾನೇ ಊಹಿಸಿಯಾರು?

ಗುರುವಾರ ಮಧ್ಯಾಹ್ನ ನೀರಪ್ಪ ಮಗುವನ್ನು ಎದೆಗವಚಿಕೊಂಡು ವಾರ್ಡಿಗೆ ನುಗ್ಗಿದ. ಹಿಂದೆ ಅವನ ಹೆಂಡತಿ, ಒಂದೇ ಕಾಲಿಗೆ ಚಪ್ಪಲಿ. ಹದಿನಾಲ್ಕು ತಿಂಗಳ ಪುಟ್ಟಿ ಕೀರಲು ದನಿಯಲ್ಲಿ ಅಳುತ್ತಿತ್ತು, ಕಣ್ಣಲ್ಲಿ ಒಂದು ಹನಿ ಇಲ್ಲ. ಅಕ್ಕನ ಮೇಜಿನ ಮೇಲಿದ್ದ ನೀರಿನ ಬಾಟಲಿ ಕಂಡದ್ದೇ ಎರಡೂ ಕೈ ಚಾಚಿತು. ಅಕ್ಕ ಮಗುವಿನ ಹೊಟ್ಟೆಯ ಚರ್ಮ ಹಿಡಿದು ನೋಡಿದಳು. ನಾದಿದ ಹಿಟ್ಟಿನ ಹಾಗೆ ಕೈಗೆ ಮೆತ್ತಗೆ ಸಿಕ್ಕಿತು. ಮೈಯಲ್ಲಿ ಉಪ್ಪು ಏರಿದ ಮಕ್ಕಳ ಚರ್ಮ ಹೀಗಾಗುವುದನ್ನು ಅವಳು ಕಂಡಿದ್ದಳು.

"ಒಂದು ಪೊಟ್ಟಣಕ್ಕೆ ಎಷ್ಟು ನೀರು ಹಾಕ್ದೆ?"

"ಎರಡೇ ಲೋಟ ಅಕ್ಕ," ಎಂದ ತಮ್ಮ, ಬಹುಮಾನಕ್ಕೆ ಕಾಯುವವನಂತೆ. "ಗಟ್ಟಿಯಾಗಿ ಮಾಡಿದ್ದೀನಿ. ಒಂದು ತೊಟ್ಟೂ ಕಲಬೆರಕೆ ಇಲ್ಲ."

"ಲೀಟರ್ ಅಂತ ಬರ್ದಿದೆ, ಐದು ಲೋಟ ಹಾಕಿ ಅಂತ ಬಡ್ಕೊಂಡೆ ಅಕ್ಕ," ಎಂದಳು ಹೆಂಡತಿ. "ಊರಿಗೆಲ್ಲ ನೀರು ಕುಡಿಸೋನು ನಾನು, ನನ್ನ ಮಗಳಿಗೂ ಅದನ್ನೇ ಕುಡಿಸ್ಲಾ ಅಂತ ನನ್ನ ಮೇಲೇ ಹಾರಾಡಿದ್ರು!"

ಅಕ್ಕನಿಗೆ ನೆತ್ತಿಯವರೆಗೂ ಸಿಟ್ಟೇರಿತು. ಕೈಗಳು ಮಾತ್ರ ಮಗುವಿನ ನರ ಹುಡುಕುತ್ತಲೇ ಇದ್ದವು.

"ಹಣ್ಣು ಹೆಚ್ಚಿ ಸಕ್ಕರೆ ಉದುರಿಸಿ ಇಡ್ತೀಯಲ್ಲೋ, ಬಟ್ಟಲಲ್ಲಿ ನೀರು ನಿಲ್ಲಲ್ವಾ?"

"ನಿಲ್ಲುತ್ತೆ."

"ಎಲ್ಲಿಂದ ಬರುತ್ತೆ?"

"ಹಣ್ಣಿಂದ."

"ಹಣ್ಣೇನಾಗುತ್ತೆ?"

"ಸುಕ್ಕು..." ತಮ್ಮ ಅಲ್ಲಿಗೇ ನಿಂತ. ಮಗಳ ಮುಖ ನೋಡಿದ.

"ಹೇಳು, ಯಾಕೆ ನಿಲ್ಲಿಸ್ದೆ? ಮೈಯಲ್ಲಿರೋ ಒಂದೊಂದು ಜೀವಕೋಶಕ್ಕೂ ತೆಳ್ಳಗಿನ ಪೊರೆ ಇರುತ್ತೆ. ನೀರು ದಾಟುತ್ತೆ, ಉಪ್ಪು ಸಲೀಸಾಗಿ ದಾಟಲ್ಲ. ಹೊರಗಡೆ ಉಪ್ಪು ಗಟ್ಟಿಯಾದ್ರೆ ಒಳಗಿನ ನೀರು ಅದರ ಹಿಂದೆ ಓಡಿಬಿಡುತ್ತೆ. ನಿನ್ನ ಗಟ್ಟಿ ನೀರು ಕರುಳಿಗೆ ಇಳಿದು, ಮೈಯಲ್ಲಿದ್ದ ನೀರನ್ನೂ ಎಳ್ಕೊಂಡು ಹೊರಗೆ ಹೋಗಿದೆ. ನೀನು ಕುಡಿಸಿದಷ್ಟೂ ಇವಳು ಒಣಗಿದ್ದಾಳೆ ಕಣೋ!"

 ತಮ್ಮ ಮರುಕ್ಷಣವೇ ಮೇಜಿನ ಬಾಟಲಿಗೆ ಕೈಹಾಕಿ ಮುಚ್ಚಳ ತಿರುವಿದ. "ಹಾಗಾದ್ರೆ ಬರೀ ನೀರೇ ಕೊಟ್ಬಿಡ್ತೀನಿ, ಪೂರ್ತಿ ಬಾಟ್ಲಿ..."

ಅಕ್ಕ ಬೀಸಿದ ಏಟಿಗೆ ಬಾಟಲಿ ಹಾರಿ ಮಂಚದ ಕೆಳಗೆ ಉರುಳಿತು.

"ಮುಟ್ಟಬೇಡ! ಸುಕ್ಕಿದ ಕೋಶಕ್ಕೆ ಒಂದೇ ಸಲ ನೀರು ನುಗ್ಗಿದ್ರೆ ಊದ್ಕೊಳ್ಳುತ್ತೆ. ಮಿದುಳು ಊದಿದ್ರೆ ಎಲ್ಲಿಗೋ ಹೋಗುತ್ತೆ? ತಲೆಬುರುಡೆ ಏನು ರಬ್ಬರ್ ಚೀಲಾನಾ? ಫಿಟ್ಸ್ ಬರುತ್ತೆ ಕಣೋ, ಮಗು ಕೈಬಿಟ್ಟು ಹೋಗುತ್ತೆ! ಒಂದ್ಸಲ ಬತ್ತಿಸ್ತಾನೆ, ಇನ್ನೊಂದ್ಸಲ ಮುಳುಗಿಸ್ತಾನೆ. ಅಳತೆ ಅನ್ನೋದು ನಿನ್ನ ಹಣೆಯಲ್ಲೇ ಬರ್ದಿಲ್ವಾ?"

ಡಾಕ್ಟರ್ ಬಂದರು, ರಕ್ತ ತೆಗೆಸಿದರು, ಉಪ್ಪಿನಂಶ ನೋಡಿ ಹುಬ್ಬು ಗಂಟಿಕ್ಕಿದರು. ಎರಡು ದಿನ ಹಿಡಿಯುತ್ತದೆ, ನಿಧಾನವಾಗಿಯೇ ಇಳಿಸಬೇಕು, ಅವಸರ ಮಾಡುವ ಹಾಗಿಲ್ಲ ಎಂದರು. ಅಕ್ಕ ಗಡಿಯಾರ ನೋಡುತ್ತಾ ಡ್ರಿಪ್ಪಿನ ಹನಿ ಹೊಂದಿಸಿದಳು.

"ಸ್ವಲ್ಪ ಜೋರಾಗಿ ಬಿಡಬಾರದಾ ಅಕ್ಕ?"

"ಇನ್ನೊಂದು ಮಾತಾಡಿದ್ರೆ ನಿನಗೇ ಸೂಜಿ ಚುಚ್ತೀನಿ."

ಹಾಕಿದ ನೀರೆಲ್ಲ ಲಾಭ ಎಂದುಕೊಂಡಿದ್ದ ಆ ಮನುಷ್ಯ ಸ್ಟೂಲಿನ ಮೇಲೆ ಕುಳಿತು, ಒಂದೊಂದೇ ಹನಿ ಬೀಳುವುದನ್ನು ಬಾಯ್ತೆರೆದು ನೋಡಿದ. ಅಕ್ಕ ಪಾಳಿ ಮುಗಿದರೂ ಮನೆಗೆ ಹೋಗಲಿಲ್ಲ. ತಮ್ಮನ ಮೇಲಿನ ಸಿಟ್ಟಿನ ಅಡಿಯಲ್ಲಿ ತನ್ನ ಮೇಲಿನದೊಂದು ಸಿಟ್ಟು ಕುದಿಯುತ್ತಿತ್ತು. ಒಂದೇ ಒಂದು ಪ್ರಶ್ನೆ. ಎಷ್ಟು ನೀರಿಗೆ? ಅಷ್ಟು ಕೇಳಲು ಬಾಯಿಗೇನು ರೋಗ ಬಂದಿತ್ತು?

ಶನಿವಾರ ಬೆಳಿಗ್ಗೆ ಕೈಯ ಪಟ್ಟಿ ಬದಲಿಸುವಾಗ ಪುಟ್ಟಿ ಚೀರಿ ಅತ್ತಿತು. ಕೆನ್ನೆಯ ಮೇಲೆ ಒಂದು ಹನಿ ಉರುಳಿತು, ಅದರ ಹಿಂದೆ ಇನ್ನೊಂದು.

"ಅಕ್ಕ, ಕಣ್ಣೀರು! ಕಣ್ಣೀರು ಬಂತು!" ಎಂದು ತಮ್ಮ ವಾರ್ಡೆಲ್ಲ ಕೇಳುವ ಹಾಗೆ ಕೂಗಿ, ತಾನೂ ಗೊಳೋ ಎಂದು ಅತ್ತ. ಅಕ್ಕ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಮುಖದ ಮೇಲೆ ಸಿಟ್ಟು ವಾಪಸು ಬಂದಿತ್ತು.

ಭಾನುವಾರ ರಕ್ತದ ವರದಿ ಸರಿಯಾಗಿ ಬಂತು. ಮನೆಗೆ ಹೋಗಬಹುದು, ಭೇದಿ ಪೂರ್ತಿ ನಿಲ್ಲುವವರೆಗೆ ಓಆರ್‌ಎಸ್ ಕೊಡಿ ಎಂದರು ಡಾಕ್ಟರ್. ಅಕ್ಕ ಒಂದು ಲೀಟರಿನ ಗೆರೆ ಇದ್ದ ಜಗ್ಗು, ಕುದಿಸಿ ಆರಿಸಿದ ನೀರು, ಒಂದು ಪೊಟ್ಟಣ ತಂದು ತಮ್ಮನ ಮುಂದೆ ಕುಕ್ಕಿದಳು.

"ಕಲಸು. ನಾನು ನೋಡ್ಬೇಕು."

ಅವನು ಬಗ್ಗಿ, ಕಣ್ಣನ್ನು ಗೆರೆಗೆ ನೇರ ಇಟ್ಟು ನೀರು ಸುರಿದ. ಸರಿಯಾಗಿ ಒಂದು ಲೀಟರ್. ಪೊಟ್ಟಣ ಬಿಚ್ಚಿ ಪುಡಿ ಪೂರ್ತಿ ಹಾಕಿದ, ಕಲಕಿದ. ಪಕ್ಕದ ಮಂಚದ ತಾಯಂದಿರೂ ಕತ್ತು ಚಾಚಿ ನೋಡುತ್ತಿದ್ದರು. ಎಲ್ಲ ಮುಗಿಯಿತು ಎನ್ನುವಾಗ ಅವನ ಬಲಗೈ, ಅವನನ್ನು ಕೇಳದೆ, ಉಳಿದ ನೀರಿನ ಪಾತ್ರೆಯನ್ನು ಎತ್ತಿ ಜಗ್ಗಿಗೆ ಇನ್ನಷ್ಟು ಬಗ್ಗಿಸಿಬಿಟ್ಟಿತು.

 ತಮ್ಮ ತನ್ನ ಕೈಯನ್ನೇ ದಿಟ್ಟಿಸಿ ನೋಡಿದ.

"ಅಭ್ಯಾಸ ಅಕ್ಕ..."

"ಚೆಲ್ಲು," ಎಂದಳು ಅಕ್ಕ, ಇನ್ನೊಂದು ಪೊಟ್ಟಣ ಹೊರತೆಗೆಯುತ್ತಾ. "ಮತ್ತೆ ಕಲಸು. ಇಪ್ಪತ್ತು ಸಲ ಆದ್ರೂ ಸರಿ. ನಿನ್ನ ಕೈಗೆ ಬುದ್ಧಿ ಬರೋವರೆಗೂ ಪುಟ್ಟಿ ಈ ವಾರ್ಡು ಬಿಟ್ಟು ಅಲ್ಲಾಡಲ್ಲ."